ಮೋಡದ ಗುಡ್ಡದ ಚಹಾ

ಪಡಸಾಲೆಯಲ್ಲಿ ಮತ್ತೆ ಲೋಟಗಳ ಸದ್ದು. ಬೆಳಗಿನಿಂದ ಇದು ಆರನೆಯ ಸಲ. ಒಳಕೋಣೆಯ ಮಂಚದ ಮೇಲೆ ಅಂಗಾತ ಮಲಗಿದ್ದ ಗುರುಸಿದ್ದವ್ವನಿಗೆ ಹೊಟ್ಟೆ ಉರಿದುಹೋಯಿತು. ಮುಗಿಸಿಬಿಡುತ್ತಾರೆ ಇವರು, ಮಗನ ಚಹಾ ಮುಗಿಸಿಯೇ ಬಿಡುತ್ತಾರೆ!

ಎದ್ದು ಹೋಗಿ ಡಬ್ಬಿ ಕಸಿದುಕೊಳ್ಳೋಣವೆಂದರೆ ಎರಡೂ ಕಣ್ಣಿಗೆ ಪಟ್ಟಿ. ವಿಜಾಪುರದ ದವಾಖಾನೆಯಲ್ಲಿ ಪೊರೆ ತೆಗೆಸಿಕೊಂಡು ಬಬಲೇಶ್ವರಕ್ಕೆ ಮರಳಿ ಎರಡು ದಿನವಾಗಿತ್ತು. ಪಟ್ಟಿ ಬಿಚ್ಚಲು ಇನ್ನೂ ನಾಲ್ಕು ದಿನ. ಅಲ್ಲಿಯತನಕ ಏಳುವಂತಿಲ್ಲ, ಬಾಗುವಂತಿಲ್ಲ, ಜೋರಾಗಿ ಕೆಮ್ಮುವಂತಿಲ್ಲ. “ಅಳೂದಂತೂ ಬ್ಯಾಡs ಬ್ಯಾಡ್ರಿ. ಹೊಲಿಗಿ ಬಿಚ್ಚಿದ್ರ ಕಣ್ಣು ಹೋದ್ಹಂಗ,” ಎಂದು ಡಾಕ್ಟರು ಮನೆಯವರೆಲ್ಲರ ಎದುರಿಗೇ ಹೇಳಿದ್ದರು. ಗುರುಸಿದ್ದವ್ವ ನಕ್ಕುಬಿಟ್ಟಿದ್ದಳು. ಅಳುವುದು ಯಾಕೆ? ಕಿರಿಯ ಮಗ ಯಲಗೂರಪ್ಪ ಈ ತಿಂಗಳು ಊರಿಗೆ ಬರುವವನು. ಎಪ್ಪತ್ತೈದರ ದೀಪಾವಳಿಗೆ ಬಂದಾಗ ಅವನ ಮುಖ ಅವಳಿಗೆ ಬರೀ ಮಸುಕು. ಈ ಸಲ ಕಣ್ತುಂಬ ನೋಡಬೇಕು, ತನ್ನ ಕೈಯಾರೆ ಅವನ ಚಹಾ ಮಾಡಿ ಕೊಡಬೇಕು. ಅವಳಿಗೆ ಬೇಕಾದದ್ದು ಇಷ್ಟೇ.

ಯಲಗೂರಪ್ಪ ಪರದೇಶದ ಹಡಗಿನಲ್ಲಿ ಅಡುಗೆಯವ. ಆ ದೀಪಾವಳಿಗೆ ತೈವಾನಿನ ಚಹಾ ಎರಡು ಡಬ್ಬಿ ತಂದಿದ್ದ. ಊಲಾಂಗ್ ಅಂತ ಅದರ ಹೆಸರು. ಮೋಡ ಕೂತಿರುವ ಎತ್ತರದ ಗುಡ್ಡದಲ್ಲಿ, ಚಳಿಗೆ ನಿಧಾನವಾಗಿ ಬೆಳೆಯುವ ಎಲೆಯಂತೆ. ನೋಡಿದರೆ ಮೆಣಸಿನ ಕಾಳಿನಂಥ ಗುಂಡು. ನಮ್ಮ ಚಹಾದಂತೆ ಗಳಗಳ ಕುದಿಸುವ ಹಾಗಿಲ್ಲ. ಮೊದಲ ಬಿಸಿನೀರು ಸುರಿದು ಚೆಲ್ಲಿಬಿಡಬೇಕು, ಎಲೆಗೆ ಎಚ್ಚರವಾಗಲಿ ಅಂತ. ಎರಡನೆಯ ನೀರಿಗೆ ಮುಚ್ಚಳ ಹಾಕಿ ಐವತ್ತು ಎಣಿಸಬೇಕು. ಆಗ ಗುಂಡು ಬಿಚ್ಚಿ, ದಂಟಿನ ಸಮೇತ ಇಡೀ ಎಲೆ! ಹೊಂಬಣ್ಣದ ನೀರು, ಮನೆಯೆಲ್ಲ ಹೂವಿನ ಘಮ. ಅದೇ ಎಲೆಗೆ ಐದಾರು ಸಲ ನೀರು ಹಾಕಬಹುದು. ಮೂರನೆಯ ಸಲಕ್ಕೆ ಕೆನೆಹಾಲಿನ ವಾಸನೆ ಬರುತ್ತದೆ, ಕುಡಿದ ಎಷ್ಟೋ ಹೊತ್ತಿನವರೆಗೆ ಗಂಟಲಲ್ಲಿ ಸಿಹಿ ನಿಲ್ಲುತ್ತದೆ.

“ಹಾಲ ಹಾಕಬ್ಯಾಡ ಬೇ, ಹಾಲು ಎಲಿಯಾಗ ಐತಿ,” ಎಂದಿದ್ದ ಮಗ.

ಪಕ್ಕದ ಮನೆಯ ಭೀಮಾಬಾಯಿ ಮಾತ್ರ ಲೋಟ ಮುಟ್ಟಿರಲಿಲ್ಲ. “ಹಾಲಿಲ್ಲದ ಚಾ ಎಂಥಾ ಮನ್ಯಾಗ ಕೊಡ್ತಾರ, ಗೊತ್ತಿಲ್ಲೇನ ನಿನಗ? ಯವ್ವಾ, ನಾ ಒಲ್ಲೆ!” ಆವತ್ತು ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು.

ಒಂದು ಡಬ್ಬಿ ಆಗಲೇ ಖಾಲಿಯಾಯಿತು. ಗಾಳಿ ತಾಗಿದರೆ ಘಮ ಹೋಗುತ್ತದೆಂದು ಎರಡನೆಯದರ ಮುಚ್ಚಳದ ಸುತ್ತ ಗುರುಸಿದ್ದವ್ವ ಗೋಧಿ ಹಿಟ್ಟು ಮೆತ್ತಿ, ನೂಲು ಸುತ್ತಿ, ಮೂರು ಗಂಟು ಹಾಕಿ ತಲೆದೆಸೆಯ ಗೋಡೆಯ ಗೂಡಿನಲ್ಲಿಟ್ಟಿದ್ದಳು. ಅವನು ಬಂದ ದಿನವೇ ಬಿಚ್ಚಬೇಕೆಂದು.

ಇವತ್ತು ಬೆಳಿಗ್ಗೆ ಬಾಗಿಲಲ್ಲಿ ಸೈಕಲ್ ಗಂಟೆ ಕೇಳಿಸಿತು. ಎಷ್ಟೋ ಹೊತ್ತಿನ ಮೇಲೆ ಹಿರಿಯ ಮಗ ಶಂಕರೆಪ್ಪ ಒಳಗೆ ಬಂದ.

“ಮುಂಬೈದಿಂದ ತಾರು ಬಂದೈತಿ ಬೇ.”

“ಯಲಗೂರಂದs? ಯಾವಾಗ ಬರ್ತಾನಂತ?”

“ಇನ್ನ ದಾರಿ ಕಾಯೂದಿಲ್ಲ ಬೇ. ನೀ ಸುಮ್ನ ಮಲಕೋ.”

ಆಮೇಲೆ ಶುರುವಾಯಿತು ಜನ! ಜೈನಾಪುರದ ಬೀಗರು ಬಂದರು. ತಿಕೋಟಾದಿಂದ ತಂಗಿ ದುಂಡವ್ವ ಬಂದಳು. ದರ್ಜಿ ಗೈಬುಸಾಬ ಬಂದ. ಒಬ್ಬೊಬ್ಬರೂ ಒಳಗೆ ಬಂದು ಅವಳ ಕೈ ಹಿಡಿದು ಕೂತರು, ಎದ್ದು ಹೋದರು.

“ಯಲಗೂರ ಬರಾಕತ್ತಾನ, ಗೊತ್ತಾತಿಲ್ಲೊ?” ಎಂದು ಅವಳೇ ಹೇಳಿದಳು.

“ನಿನ್ನಂಥಾ ತಾಯಿ ಯಾರಿಗಿ ಸಿಗ್ತಾಳವ್ವಾ,” ಎಂದ ಗೈಬುಸಾಬ, ಅಷ್ಟೇ. ಬಾಯಿ ತುಂಬ ಮಗನ ಚಹಾ ಇದ್ದರೆ ಮಾತು ಎಲ್ಲಿಂದ ಬರಬೇಕು!

ಯಲಗೂರಪ್ಪನ ಹೆಂಡತಿ ನೀಲಾಬಾಯಿಗಂತೂ ಮೈಮೇಲೆ ಎಚ್ಚರವೇ ಇದ್ದಂತಿಲ್ಲ. ಬೆಳಗಿನಿಂದ ರೊಟ್ಟಿ ಬಡಿದ ಸದ್ದಿಲ್ಲ. ಗಂಡ ಬರುತ್ತಾನೆಂದರೆ ಅಡುಗೆ ಮಾಡುವುದೂ ಮರೆಯಬೇಕೇ? ಗುರುಸಿದ್ದವ್ವ ಕೂಗಿ ಕರೆದಳು.

“ಬಂದಾವ್ರಿಗೆಲ್ಲಾ ಚಾ ಕೊಡಾಕತ್ತೀಯೇನ ನೀಲಾ?”

“ಹೂಂ ರೀ ಅತ್ತಿ.” ದನಿ ಕಟ್ಟಿತ್ತು. ಹೊಗೆ ಕುಡಿದಿರಬೇಕು.

“ಹಾಲು ಹಾಕೀಯೇನ?”

“ಇಲ್ರಿ. ಹಾಲ ಹಾಕಿಲ್ಲ.”

ಇನ್ನೇನು ಸಂಶಯ! ಹಿತ್ತಲಲ್ಲಿ ಎಮ್ಮೆ ಬೆಳಿಗ್ಗೆ ತಂಬಿಗೆ ತುಂಬ ಹಾಲು ಕೊಟ್ಟಿದೆ. ಹಾಲು ಬೇಡದ ಚಹಾ ಈ ಮನೆಯಲ್ಲಿರುವುದು ಒಂದೇ. ಘಮ ಮಾತ್ರ ಬರಲೊಲ್ಲದು. ಪಟ್ಟಿಯ ಔಷಧಕ್ಕೆ ಮೂಗೂ ಕೆಟ್ಟಿತೇನೋ.

“ನನ್ನ ಮಗಗ ಒಂದ ಹಿಡಿ ಆದ್ರೂ ಉಳಸವ್ವಾ!” ಎಂದು ಅಂಗಲಾಚಿದಳು. ಸೊಸೆ ದಡದಡ ಹೊರಗೆ ಹೋದಳು. ನೋಡು ಸೊಕ್ಕು! ಕಣ್ಣಿದ್ದಿದ್ದರೆ ಇವರನ್ನೆಲ್ಲ ನೋಡಿಕೊಳ್ಳುತ್ತಿದ್ದೆ. ಏನು ಮಾಡುವುದು, ಕಟ್ಟಿಹಾಕಿದ ದನದ ಹಾಗೆ ಬಿದ್ದಿರಬೇಕು.

ಮಧ್ಯಾಹ್ನದ ಊಟ ಭೀಮಾಬಾಯಿಯ ಮನೆಯಿಂದ ಬಂತು. ಅವಳೇ ಕೂತು ತುತ್ತು ಮಾಡಿ ಉಣಿಸಿದಳು.

“ನೀನೂ ಆ ಚಾ ಕುಡದೇನ ಭೀಮಾ?”

“ಕುಡದೆ ಅಕ್ಕಾ.”

“ಆವತ್ತು ಒಲ್ಲೆ ಅಂದಾಕಿ!”

ಭೀಮಾಬಾಯಿ ಅವಳ ಬಾಯಿ ಒರೆಸಿ ಎದ್ದು ಹೋದಳು. ಗುರುಸಿದ್ದವ್ವನಿಗೆ ಹೊಟ್ಟೆಯುರಿಯ ನಡುವೆಯೂ ಒಳಗೊಳಗೇ ಹೆಮ್ಮೆಯಾಯಿತು. ಮಗನ ಚಹಾ ಇವಳ ಹಟವನ್ನೂ ಬಿಡಿಸಿತಲ್ಲ!

ಕೋಣೆಯಲ್ಲಿ ಯಾರೂ ಇಲ್ಲದ್ದು ಖಾತ್ರಿಯಾದ ಮೇಲೆ ಅವಳು ತಡೆಯಲಾರದೆ ಹೋದಳು. ಡಾಕ್ಟರ ಮಾತು ಹಾಳಾಗಲಿ. ತಲೆ ಅಲುಗಿಸದೆ, ಉಸಿರು ಬಿಗಿಹಿಡಿದು, ಕೈಯೊಂದನ್ನೇ ಹಿಂದಕ್ಕೆ ಚಾಚಿ ಗೋಡೆ ತಡವಿದಳು. ಗೂಡಿನ ಅಂಚು ಸಿಕ್ಕಿತು. ಅದರೊಳಗೆ ತಣ್ಣಗಿನ ತಗಡು.

ಡಬ್ಬಿ ಇಲ್ಲೇ ಇದೆ!

ಎದೆಯ ಮೇಲೆ ಇಳಿಸಿಕೊಂಡು ಬೆರಳಾಡಿಸಿದಳು. ಒಣಗಿದ ಹಿಟ್ಟು ಎಲ್ಲೂ ಬಿರಿದಿಲ್ಲ. ನೂಲು ಬಿಗಿಯಾಗಿಯೇ ಇದೆ. ಒಂದು, ಎರಡು, ಮೂರು ಗಂಟು, ಮೂರೂ ಅವಳವೇ. ಅಲುಗಿಸಿದರೆ ತುಂಬಿದ ಡಬ್ಬಿಯ ಸದ್ದು. ಒಂದು ಕಾಳೂ ಯಾರೂ ಮುಟ್ಟಿಲ್ಲ. ಶಿವನೇ, ಸುಮ್ಮಸುಮ್ಮನೆ ಸೊಸೆಯ ಮೇಲೆ ಗೂಬೆ ಕೂರಿಸಿದೆನಲ್ಲ! ನಗು ಬಂತು. ಮಗ ಬಂದ ಮೇಲೆ ಅವನ ಮುಂದೆಯೇ ಹೇಳಿ ನಗಬೇಕು.

ಪಡಸಾಲೆಯಲ್ಲಿ ಮತ್ತೆ ಯಾರೋ ಬಂದು ಕೂತರು. ಲೋಟಗಳ ಸದ್ದಾಯಿತು. ಗಂಟಿನ ಮೇಲಿದ್ದ ಅವಳ ಬೆರಳು ಅಲ್ಲೇ ನಿಂತಿತು.

ಹಾಗಾದರೆ ಬೆಳಗಿನಿಂದ ಇವರೆಲ್ಲ ಕುಡಿಯುತ್ತಿರುವುದು ಮನೆಯ ಸಾದಾ ಚಹಾ. ಹಾಲಿಲ್ಲದ್ದು, ಸಾವಾದ ಮನೆಯಲ್ಲಿ ಕೊಡುವಂಥದ್ದು.