ಮೂರು ಟ್ರಾಲರಿನ ಧಣಿ

ಮಾಜಾಳಿಯ ದೇವಿದಾಸ ಕಡಲಿಗಿಳಿದರೆ ಸಾಕು, ಗೋವಾದ ದುಬಾರಿ ಇಸ್ವಾಣ ಮೀನುಗಳೆಲ್ಲ ಗಡಿ ದಾಟಿ ಬಂದು ‘ಮೊದಲು ನನ್ನನ್ನು ಹಿಡಿ, ನನ್ನನ್ನು ಹಿಡಿ’ ಎಂದು ಬಲೆಯ ಬಾಯಲ್ಲಿ ನೂಕುನುಗ್ಗಲು ಮಾಡುತ್ತಿದ್ದವು. ಇದಕ್ಕೆ ಸಾಕ್ಷಿ ಎಂದರೆ ದೇವಿದಾಸ ಮತ್ತು ಆ ಮೀನುಗಳು. ಮೀನುಗಳನ್ನು ಊರವರು ಎಂದೋ ತಿಂದು ಮುಗಿಸಿದ್ದರು.

ಇಂಥ ದೇವಿದಾಸ ಆ ದಿನ ಒಂದು ತಾಸು ಬಾಯಿ ಮುಚ್ಚಿಕೊಂಡು ಕೂರಬೇಕಿತ್ತು. ಮಗಳು ಮನಿಷಾಳಿಗೆ ಮಲೇಷ್ಯಾದ ಒಂದು ವಿಶ್ವವಿದ್ಯಾಲಯದಿಂದ ವಿಡಿಯೋ ಸಂದರ್ಶನ. ಬಡ್ಡಿಯ ಬ್ಯಾಂಕು, ಬಡ್ಡಿಯಿಲ್ಲದೆ ಲಾಭ-ನಷ್ಟದಲ್ಲಿ ಪಾಲು ಹಿಡಿಯುವ ಇಸ್ಲಾಮಿಕ್ ಬ್ಯಾಂಕು ಎರಡನ್ನೂ ಒಟ್ಟಿಗೆ ಕಲಿಸುವ ಎಂ.ಎಸ್ಸಿ. ಸೀಟೇನೋ ಸಿಕ್ಕಿತ್ತು, ವಿದ್ಯಾರ್ಥಿವೇತನ ಸಿಕ್ಕರೆ ಹೋಗುವುದು, ಇಲ್ಲದಿದ್ದರೆ ಇಲ್ಲ. ದುಬೈ ಶೇಖ್‌ಗಳೆಲ್ಲ ಮನಿಷಾಳ ಸಹಿಗೆ ಕಾಯುತ್ತಿದ್ದಾರೆ ಎಂದು ಬೈತಖೋಲ ಬಂದರಿನಲ್ಲಿ ದೇವಿದಾಸ ಆಗಲೇ ಸಾರಿ ಬಂದಿದ್ದ. ನೆಟ್‌ವರ್ಕ್ ನಿಲ್ಲುವುದು ಅಡುಗೆಮನೆಯ ಕಿಟಕಿಯಲ್ಲಿ ಮಾತ್ರವಾದ್ದರಿಂದ ಮೊಬೈಲು ಉಪ್ಪಿನ ಭರಣಿಗೆ ಒರಗಿ ನಿಂತಿತ್ತು.

ತೆರೆಯ ಮೇಲೆ ಮೂಡಿದ ಪ್ರೊಫೆಸರ್ ಮೇಡಂ ಮೂಲತಃ ಭಟ್ಕಳದವರು. ಇಂಗ್ಲಿಷಿನಲ್ಲಿ ಶುರುವಾದ ಮಾತು ಸ್ವಲ್ಪ ಹೊತ್ತಿಗೇ ಕನ್ನಡಕ್ಕೆ ಇಳಿಯಿತು.

“ಮೀನುಗಾರರ ಮನೆ ಹುಡುಗಿ ನೀನು. ಇದೇ ವಿಷಯ ಯಾಕೆ ಬೇಕಾಯ್ತು?”

“ಬಡ್ಡಿ, ಪಾಲು ಎರಡೂ ನಮ್ಮೂರಲ್ಲಿ ಒಂದೇ ದೋಣಿಯಲ್ಲಿ ಕೂತಿದಾವೆ ಮೇಡಂ. ಡೀಸೆಲು, ಐಸಿನ ಖರ್ಚು ಕಳೆದು ಉಳಿದದ್ದು ದೋಣಿಯ ಧಣಿಗೊಂದು ಪಾಲು, ಅದ್ರಲ್ಲಿ ದುಡಿಯೋ ಖಲಾಸಿಗಳಿಗೊಂದು ಪಾಲು. ಮೀನು ಬರದಿದ್ರೆ ಧಣಿಗೂ ಇಲ್ಲ, ಖಲಾಸಿಗೂ ಇಲ್ಲ. ಆದ್ರೆ ಅದೇ ದೋಣಿ ಮೇಲಿನ ಸಾಲ ಉಂಟಲ್ಲ, ಮಳೆಗಾಲದಲ್ಲಿ ಮೀನುಗಾರಿಕೆ ಬಂದಾದ್ರೂ ಅದು ಕಂತು ಬಿಡೋದಿಲ್ಲ. ಈ ಎರಡು ಒಟ್ಟಿಗೆ ಹ್ಯಾಗೆ ಬಾಳ್ತಾವೆ ಅಂತ ಕಲೀಬೇಕು.”

ಮೇಡಂ ಮುಖ ಅರಳಿತು. “ಪಾಲುದಾರಿಕೆಯಲ್ಲಿ ಒಂದು ತೊಡಕಿದೆ ನೋಡು. ದುಡ್ಡು ಹಾಕಿದವ ದಡದಲ್ಲಿ, ದುಡಿಯುವವ ಕಡಲಲ್ಲಿ. ದುಡಿಯುವವ ಬಂದ ಲಾಭ ಮುಚ್ಚಿಟ್ಟರೆ?”

ಮನಿಷಾ ಯೋಚಿಸಲು ಒಂದು ಉಸಿರು ಎಳೆದುಕೊಂಡಳು. ಅಷ್ಟೇ ಸಾಕಾಯಿತು. ದೇವಿದಾಸನ ತಲೆ ಭರಣಿಯ ಪಕ್ಕದಿಂದ ಮೊಬೈಲಿನ ಮುಂದೆ ತೂರಿತು.

“ಮುಚ್ಚಿಡೋದಾ? ನಮ್ಮಲ್ಲಾ? ಕಳೆದ ವಾರ ಮೂರು ಟನ್ ಇಸ್ವಾಣ ಎಳೆದೆ ಮೇಡಂ. ಕೇಳಿದವರಿಗೆಲ್ಲ ಹೇಳಿದೆ, ಕೇಳದವರಿಗೂ ಹೇಳಿದೆ! ನಂದೇ ಮೂರು ಟ್ರಾಲರ್ ಉಂಟು, ಯಾರಿಗೆ ಹೆದರಬೇಕು?”

“ಪಪ್ಪಾ!”

ಮೇಡಂ ಕನ್ನಡಕ ತೆಗೆದರು. “ಸ್ವಂತ ದೋಣಿ ಇಲ್ಲ ಅಂತ ಅರ್ಜಿಯಲ್ಲಿ ಬರೆದಿದ್ದೀಯಲ್ಲ ಮನಿಷಾ? ಈ ವಿದ್ಯಾರ್ಥಿವೇತನ ಟ್ರಾಲರ್ ಧಣಿಗಳ ಮಕ್ಕಳಿಗಲ್ಲ.”

ಒಲೆಯ ಮುಂದಿದ್ದ ದೇವಿದಾಸನ ಹೆಂಡತಿ ಮಂಗಲಾ ಸೌಟು ಹಿಡಿದೇ ತಿರುಗಿದಳು. “ಮೂರು ಸಾಕಾ? ಇಲ್ಲ, ನಾಲ್ಕನೇದನ್ನೂ ತೇಲಿಸ್ತೀರಾ?”

ದೇವಿದಾಸ ಮಗಳ ಮುಖ ನೋಡಿದ. ಆಮೇಲೆ ಮೊಬೈಲಿಗೆ ಕೈಮುಗಿದ.

“ಮೇಡಂ, ಮೂರು ಟನ್ ಅಲ್ಲ, ಎರಡು ಬುಟ್ಟಿ. ಇಸ್ವಾಣವೂ ಅಲ್ಲ, ಬಂಗಡೆ. ಟ್ರಾಲರ್ ರಾಮನಾಥ ಧಣಿಯದ್ದು, ನಾನು ಅದ್ರಲ್ಲಿ ಖಲಾಸಿ. ಮಗಳು ಬರೆದದ್ದೇ ಖರೆ. ನನ್ನ ಬಾಯಿಗಾಗಿ ಅವಳ ಓದು ತಪ್ಪಿಸಬೇಡಿ.”

ನೆಟ್‌ವರ್ಕ್ ಹೋಯಿತೇನೋ ಎಂದು ಮನಿಷಾ ಬಗ್ಗಿ ನೋಡಿದರೆ, ಮೇಡಂ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು.

“ಲಾಭ ಮುಚ್ಚಿಡುವವರ ಬಗ್ಗೆ ನಾನು ವರ್ಷಗಟ್ಟಲೆ ಪಾಠ ಮಾಡಿದ್ದೇನೆ ಮನಿಷಾ. ಇಲ್ಲದ ಲಾಭ ಹೇಳಿಕೊಂಡು ಸಿಕ್ಕಿಬಿದ್ದ ಪಾಲುದಾರನನ್ನು ಕಣ್ಣಾರೆ ಕಂಡದ್ದು ಇವತ್ತೇ. ಇಲ್ಲಿಗೆ ಬಂದ ಮೇಲೆ ಇದರ ಮೇಲೇ ಒಂದು ಪ್ರಬಂಧ ಬರಿ.”

“ಬಂದ ಮೇಲೆ ಅಂದ್ರೆ… ಮೇಡಂ?”

“ಬಂದ ಮೇಲೆ ಅಂದ್ರೆ ಬಂದ ಮೇಲೆ. ಸೆಪ್ಟೆಂಬರಿಗೆ.” ಮೇಡಂ ದೇವಿದಾಸನತ್ತ ತಿರುಗಿದರು. “ನಿಮ್ಮ ಈ ಸುಳ್ಳಿನಲ್ಲಿ ಮನೆಯವರಿಗೂ ಪಾಲು ಉಂಟಾ?”

“ಇಲ್ಲ ಮೇಡಂ,” ಎಂದ ದೇವಿದಾಸ, ಹುಟ್ಟಿದಂದಿನಿಂದ ಯಾರೂ ಕೇಳಿರದಷ್ಟು ಸಣ್ಣ ದನಿಯಲ್ಲಿ. “ಇಷ್ಟು ವರ್ಷ ಬೇರೆಯವರ ದೋಣಿಯಲ್ಲೇ ದುಡಿದೆ. ಪೂರ್ತಿ ನಂದು ಅಂತ ಇರೋದು ಈ ಸುಳ್ಳೊಂದೇ.”