ಬಂದೂಕಿನ ಹಿಡಿಯೊಳಗಿನ ಕಡ್ಡಿ

ಚಂದವ್ವ ತಂದ ಹಳೆಯ ಬಂದೂಕಿನ ಮರದ ಹಿಡಿಯಲ್ಲಿ ಸ್ಕ್ರೂ ನಿಲ್ಲದಷ್ಟು ಸವೆದಿದ್ದ ತೂತನ್ನು ಮನಗೂಳಿಯ ಬಡಿಗ ಮೌನೇಶ ದಬ್ಬಣದಿಂದ ಕೆದಕಿದ. ಬೀಡಿಯ ಕೆಂಪು ದಾರ ಸುತ್ತಿದ್ದ ಸುಟ್ಟ ಬೆಂಕಿಕಡ್ಡಿಗಳು ಉದುರಿದವು.

"ನಿಮ್ಮ ಮನಿಯವ್ರ ರಿಪೇರಿ ಇರಬೇಕ್ರಿ, ಅಕ್ಕಾರ," ಎಂದು ನಕ್ಕ.

ಚಂದವ್ವ ನಗಲಿಲ್ಲ. "ಬೀಡಿ ಬಿಟ್ಟೇನಿ ಅಂತ ಹತ್ತ ವರ್ಷದ ಹಿಂದನ ಬೀರಪ್ಪ ದೇವರ ಆಣಿ ಮಾಡಿದ್ರು. ಈ ಹಿಡಿ ರಿಪೇರಿ ಮಾಡಿದ್ದು ಹೋದ ವರ್ಷ. ಸಾಯೋತನಕ ನನಗ ಸುಳ್ಳ ಹೇಳ್ಯಾರ!"

ನಾಳೆ ಆಯುಧಪೂಜೆ, ಗಂಡನಿಲ್ಲದ ಮೊದಲನೆಯದು. ಮೌನೇಶ ಸಾಗುವಾನಿಯ ಸಣ್ಣ ಬೆಣೆಗೆ ಅಂಟು ಸವರಿ ತೂತಿಗೆ ಬಡಿದ. ಕಡ್ಡಿಗಳನ್ನು ಗುಡಿಸಲು ಹೋದಾಗ ಅವಳು ತಡೆದಳು. ದಾರದ ಸಮೇತ ಆರಿಸಿ ಸೆರಗಿನ ತುದಿಗೆ ಕಟ್ಟಿಕೊಂಡಳು.

"ಮೊನ್ನೆ ಅಮಾಸಿಗೆ ಅವ್ರಿಗೆ ಸೇರೋದೆಲ್ಲಾ ಎಡಿ ಇಟ್ಟೆ. ಬೀಡಿ ಒಂದ ಇಡಲಿಲ್ಲ," ಎಂದಳು. "ಇಲ್ಲಿ ಬೀಡಿ ಎಲ್ಲಿ ಸಿಗತಾವೋ, ತಮ್ಮಾ?"