ಬಂದರಿನ ಪುಟ

ಫೋನಿನಲ್ಲಿ ಬಂದರಿನ ಪುಟ ತೆರೆಯುತ್ತಿಲ್ಲವೆಂದು ಮಗಳು ನಿಶ್ಮಿತಾ ಕೂಗಿದಾಗ, ನೀರುದೋಸೆ ಹೊಯ್ಯುತ್ತಿದ್ದ ಜಲಜಾಕ್ಷಿ ಸೌಟು ಬಿಟ್ಟು ಓಡಿಬಂದಳು. ಮೀನಿಗೆ ಹೋದ ಗಂಡ ಸುಧೀರನ ಬೋಟು ಎಲ್ಲಿದೆಯೆಂದು ತಾಯಿ ಮಗಳು ದಿನಾ ನೋಡುವುದು ಅದರಲ್ಲೇ.

ಎಲ್ಲರ ಮನೆಯ ರೂಟರಿನಂತೆ ಇವರದ್ದೂ ಮನೆಮಂದಿಗೆ ಅಳು ತರಿಸುವಂಥ ಸುದ್ದಿಯನ್ನು ಒಳಗೆ ಬಿಡುತ್ತಿರಲಿಲ್ಲ. ಯಾವುದಾದರೂ ಮನೆಯಲ್ಲಿ ಪರೀಕ್ಷೆಯ ಫಲಿತಾಂಶದ ಪುಟ ತೆರೆಯದಿದ್ದರೆ ಆ ಮನೆಯ ಮಗು ನಪಾಸೆಂದು ಬೀದಿಗೆಲ್ಲ ಗೊತ್ತಾಗುತ್ತಿತ್ತು.

ಜಲಜಾಕ್ಷಿ ವೈರು ಕಿತ್ತು ಮತ್ತೆ ಸಿಕ್ಕಿಸಿದಳು. ಸೀರೆಯ ಪಿನ್ನಿನಿಂದ ರೂಟರಿನ ಹಿಂದಿನ ತೂತಿನೊಳಗಿನ ರೀಸೆಟ್ ಗುಂಡಿಯನ್ನು ಒತ್ತಿ ಹಿಡಿದಳು. ಹಸಿರು ದೀಪ ಹತ್ತಿತು. ಹಾಡಿನ ಪುಟ ಬಂತು, ಅಡುಗೆಯ ಪುಟ ಬಂತು, ಬಂದರಿನದು ಮಾತ್ರ ಬರಲಿಲ್ಲ.

"ಹಾಳಾಗಿರ್ಲಿ ದೇವರೇ, ಈ ರೂಟರೇ ಹಾಳಾಗಿರ್ಲಿ," ಎನ್ನುತ್ತಲೇ ಪಕ್ಕದ ಮನೆಯ ಗಿರಿಜಕ್ಕನಿಗೆ ಫೋನ್ ಮಾಡಿದಳು. "ಅಕ್ಕ, ನಿಮ್ಮಲ್ಲಿ ಬಂದರಿನ ಪುಟ ಬರ್ತದಾ?"

"ಬರ್ತದಲ್ಲ ಮಾರಾಯ್ತಿ. ನಿಲ್ಲು, ಓದ್ತೇನೆ."

ಓದಿಯಾದ ಮೇಲೆ ಗಿರಿಜಕ್ಕ ಮೆಲ್ಲನೆ ಹೇಳಿದಳು, "ನಾನು ಅಲ್ಲಿಗೇ ಬರ್ತೇನೆ ಜಲಜಾ. ನೀನು ಒಲೆ ಆರಿಸು."

ಜಲಜಾಕ್ಷಿ ಒಲೆಯತ್ತ ಹೋಗಲಿಲ್ಲ. ಮತ್ತೆ ಪಿನ್ನು ಕೈಗೆತ್ತಿಕೊಂಡು ತೂತನ್ನು ಹುಡುಕತೊಡಗಿದಳು. ನೋಡುತ್ತಿದ್ದ ನಿಶ್ಮಿತಾ ಅವಳ ಸೆರಗು ಹಿಡಿದಳು.

"ಅಮ್ಮ, ಇದು ಹಾಳಾಗಿಲ್ದಿದ್ರೆ ಅಪ್ಪ ಬರುದಿಲ್ವಾ?"